ಕೈಗೆ ಭಾರ ಬರುವ ತನಕ

ಕಡಲಾಚೆಯ ಹೇವರ್ಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹುಬ್ಬಳ್ಳಿಯ ಚಾಚಾರನ್ನು ನೆನೆದರೆ ಇವತ್ತಿಗೂ ತಲೆ ತಗ್ಗುತ್ತದೆ. ಮೀನು ತಿನ್ನದ ಮನೆಯವನಾದ ನನಗೆ ಗಾಳದ ಹುಚ್ಚು ಹಿಡಿಸಿದವರು ಅವರು. ಕೊಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಮೀನನ್ನು ಕೊಲ್ಲಿಯ ನೀರಿನ ಮೇಲೆ ತೇಲಿಬಿಟ್ಟು, ಮಣಿಕಟ್ಟು ಕುಣಿಸುತ್ತಾ ಎಡಕ್ಕೂ ಬಲಕ್ಕೂ ಓಲಾಡಿಸುತ್ತಿದ್ದರು. ಕೋಲು ನನ್ನ ಕೈಗೆ ಕೊಟ್ಟಾಗ, ನಿಜವಾದ ಮೀನು ಅದರ ಮೇಲೆರಗಿ ನೀರು ಚಿಮ್ಮಿದೊಡನೆ ನಾನು ಜಗ್ಗಿಬಿಡುತ್ತಿದ್ದೆ; ಮೀನು ತಪ್ಪಿಸಿಕೊಳ್ಳುತ್ತಿತ್ತು.

"ತಡೀರಿ, ಕೈಗೆ ಭಾರ ಬರ್ಲಿ," ಎನ್ನುತ್ತಿದ್ದರು, ಪ್ರತಿಸಲವೂ.

ಒಂದು ಬೆಳಿಗ್ಗೆ ತಡೆದೆ. ಭಾರ ಬಂತು, ಜಗ್ಗಿದೆ, ಸಿಕ್ಕಿತು. ಅಷ್ಟರಲ್ಲಿ ದೇವಸ್ಥಾನದಲ್ಲಿ ಪರಿಚಯವಾಗಿದ್ದ ದಂಪತಿ ವಾಕಿಂಗಿಗೆ ಬಂದರು. ಕೋಲನ್ನು ಚಾಚಾರ ಕೈಗೆ ತುರುಕಿ, "ನಾನು ಸುಮ್ನೆ ನೋಡ್ತಾ ನಿಂತಿದ್ದೆ," ಎಂದೆ.

"ಹೌದ್ರಿ, ಸಾಹೇಬ್ರು ಮೀನ ಮುಟ್ಟಂಗಿಲ್ಲ," ಎಂದು ಚಾಚಾ ನಕ್ಕರು.

ದಂಪತಿ ಮರೆಯಾದ ಮೇಲೆ ಚಾಚಾ ಕೊಕ್ಕೆ ಬಿಡಿಸಿ ಮೀನನ್ನು ನೀರಿಗೆ ಬಿಟ್ಟರು.

"ಮನೆಗೆ ತಗೊಂಡ್ಹೋಗ್ಬಹುದಿತ್ತಲ್ಲ ಚಾಚಾ?"

"ನಾ ಹಿಡಿದದ್ದಲ್ಲಲ್ರಿ."