ಹೊಳೆದಂಡೆಯ ಹೊಲದ ವಿಸ್ತೀರ್ಣ

ಮೊನ್ನೆ ಮಳೆಗೆ ನೆನೆದ ಸೆಣಬಿನ ಹುರಿಯ ಉಂಡೆಯೊಂದನ್ನು ಬಿಸಿಲಿಗೆ ಹರವುತ್ತಿದ್ದೆ. ಆ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಗಣಿತದ ಸರ್ ನೆನಪಾದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹರಪನಹಳ್ಳಿಯಲ್ಲಿ ಪಿಯುಸಿ ಓದುತ್ತಿದ್ದೆ. ಸರ್ ಹಲವಾಗಲಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ತೆಳ್ಳಗಿನ ಮನುಷ್ಯ, ಮೆಲುದನಿ. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ ಎಂಬುದಷ್ಟೇ ನಮಗೆ ಗೊತ್ತಿತ್ತು. ವೆಕ್ಟರ್ ಪಾಠ ಬಂದಾಗ ಮಾತ್ರ ಅವರ ಮುಖಕ್ಕೆ ಕಳೆ ಬರುತ್ತಿತ್ತು. ಎರಡು ವೆಕ್ಟರುಗಳ ಕ್ರಾಸ್ ಪ್ರಾಡಕ್ಟ್ ತೆಗೆದರೆ ಅವು ಕಟ್ಟುವ ಸಮಾಂತರ ಚತುರ್ಭುಜದ ವಿಸ್ತೀರ್ಣ ಸಿಗುತ್ತದೆ, ಅದರ ಅರ್ಧ ತ್ರಿಕೋನದ್ದು... ಎಂಥ ಸೊಟ್ಟ ಆಕಾರವನ್ನೂ ಹೀಗೆ ತ್ರಿಕೋನ ತ್ರಿಕೋನವಾಗಿ ಅಳೆಯಬಹುದು ಎನ್ನುತ್ತಿದ್ದರು.

ಒಂದು ಭಾನುವಾರ ನಮ್ಮಲ್ಲಿ ನಾಲ್ಕೈದು ಜನರನ್ನು ತಮ್ಮ ಹೊಲಕ್ಕೆ ಕರೆದರು. ತುಂಗಭದ್ರೆಯ ದಂಡೆಗೇ ಹತ್ತಿದ ಹೊಲ. ಅದರಲ್ಲೊಂದು ಕಲ್ಲಿನ ಕಟ್ಟೆ, ಮೇಲೆ ಪುಟ್ಟ ಲಿಂಗ. ಅವರ ಹೆಂಡತಿಯ ಸಮಾಧಿ.

"ಇದೇ ನಮ್ಮ ಮೂಲಬಿಂದು. ಇಲ್ಲಿಂದ ಅಳೀರಿ" ಎಂದರು.

ಗಂಟು ಹಾಕಿದ ಸೆಣಬಿನ ಹುರಿ ಎಳೆದು, ಪ್ರತಿ ಮೂಲೆಯೂ ಸಮಾಧಿಯಿಂದ ಪೂರ್ವಕ್ಕೆಷ್ಟು, ಉತ್ತರಕ್ಕೆಷ್ಟು ಎಂದು ಬರೆದುಕೊಂಡೆವು. ಒಂದು ಮೂಲೆಗೂ ಅದರ ಮುಂದಿನದಕ್ಕೂ ಕ್ರಾಸ್ ಪ್ರಾಡಕ್ಟ್ ಮಾಡಿ ಕೂಡಿಸುತ್ತಾ ಬಂದೆ. ಹೊಳೆಯ ಬದಿಯಲ್ಲಿ ಒಂದು ತ್ರಿಕೋನ ಮಾತ್ರ ಉಲ್ಟಾ ಬಂತು.

"ಸರ್, ಎಲ್ಲೋ ತಪ್ಪೈತಿ ಅನ್ನಿಸ್ತತಿ. ಮೈನಸ್ ಬಂದೈತಿ."

ಅವರು ಬಗ್ಗಿ ನೋಡಿದರು. "ತಪ್ಪಲ್ಲವ್ವಾ. ಅಲ್ಲಿ ದಂಡಿ ಒಳಗೆ ಕೊರದೈತಿ. ಅದು ಹೊಳಿ ತಿಂದಿದ್ದು."

ಅವರು ಹೊಲ ಅಳೆಸುವುದೇಕೆಂದು ಆಗ ತಿಳಿಯಿತು. ಹೊಳೆ ತುಂಬಿ ಬಂದಾಗಲೆಲ್ಲ ದಂಡೆ ಕುಸಿಯುತ್ತಿತ್ತು; ಇನ್ನೆಷ್ಟು ಹೊಲ ಉಳಿದಿದೆ ಎಂಬ ಲೆಕ್ಕ ಅವರಿಗೆ ಬೇಕಿತ್ತು. ಕಲ್ಲು ಒಟ್ಟಿದ್ದರು, ಮರಳಿನ ಚೀಲ ಹಾಕಿಸಿದ್ದರು, ಯಾವುದೂ ನಿಲ್ಲಲಿಲ್ಲ. ಸಮಾಧಿ ಬೇರೆ ಕಡೆ ಮಾಡಬಾರದೇ ಎಂದು ನಮ್ಮಲ್ಲೊಬ್ಬ ಕೇಳಿದ. "ಮಲಗಿಸಿದೋರನ್ನ ಎಬ್ಬಿಸಬಾರದು ಅಂತಾರ ಹಿರೇರು. ನನಗೂ ಕೈ ಬರಂಗಿಲ್ಲ" ಎಂದರು.

ಮುಂದಿನ ಮಳೆಗಾಲ ಹೊಳೆ ಜೋರಾಗಿ ಬಂತು. ಸರ್ ಎಷ್ಟೋ ದಿನ ಕಾಲೇಜಿಗೆ ಬರಲಿಲ್ಲ. ನಾವೇ ಹುಡುಕಿಕೊಂಡು ಹೋದೆವು. ಕಟ್ಟೆ ಇದ್ದಲ್ಲಿ ಕೆಂಪು ನೀರು ಸುಳಿ ತಿರುಗುತ್ತಿತ್ತು. ಸರ್ ಉಳಿದ ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು.

ನಾವೂ ಹತ್ತಿರ ಹೋಗಿ ಕೂತೆವು. ಕೊನೆಗೆ, ಅಂದು ಸಮಾಧಿಯ ಬಗ್ಗೆ ಕೇಳಿದ್ದ ಗೆಳೆಯ, ಹೇಗಾದರೂ ಅವರನ್ನು ಎಬ್ಬಿಸಬೇಕೆಂದು, "ಸರ್, ಆ ಬೇವಿನ ಮರದಿಂದ ಅಳಿಯಾಣ ಬರ್ರಿ. ಮೂಲಬಿಂದು ಎಲ್ಲಿ ತಗಂಡ್ರೂ ವಿಸ್ತೀರ್ಣ ಅಷ್ಟೇ ಬರ್ತತಿ ಅಂತ ನೀವೇ ಹೇಳಿದ್ರಿ" ಎಂದ.

ಸರ್ ನೀರು ನೋಡುತ್ತಲೇ ಇದ್ದರು. "ಬರ್ತತಿ, ತಮ್ಮಾ..." ಎಂದರು. "ಅಷ್ಟೇ ಬರ್ತತಿ."

ಆಮೇಲೆ ಕಾಲೇಜಿಗೆ ಬಂದರು, ಪಾಠವನ್ನೂ ಮಾಡಿದರು. ಆದರೆ ನಮ್ಮ ನಂತರದವರಿಗೆ ವೆಕ್ಟರ್ ಬಂದಾಗ ಬೋರ್ಡಿನ ಮೇಲೆ ಸೂತ್ರ ಬರೆದು ಸುಮ್ಮನೆ ಹೊರಗೆ ನಡೆದುಬಿಟ್ಟರಂತೆ. ಕೆಲವು ವರ್ಷಗಳಲ್ಲಿ ಅವರೂ ತೀರಿಕೊಂಡರು. ಉಳಿದಿದ್ದ ಹೊಲವನ್ನೂ ಹೊಳೆ ಬಿಡಲಿಕ್ಕಿಲ್ಲವೆಂದು ಅಲ್ಲಿ ಹೂಳಲು ಯಾರೂ ಒಪ್ಪಲಿಲ್ಲ. ಊರಾಚೆಯ ರುದ್ರಭೂಮಿಯಲ್ಲಿ ಮಣ್ಣು ಮಾಡಿದರೆಂದು ಕೇಳಿದೆ.

ಹೋದ ವರ್ಷ ಹಲವಾಗಲಿಗೆ ಹೋಗಿದ್ದೆ. ಹೊಲ ಯಾವ ಕಡೆ ಎಂದು ಕೇಳಿದರೆ ಒಬ್ಬರು ಹೊಳೆಯ ನಡುವಿಗೆ ಕೈ ಮಾಡಿದರು. ರುದ್ರಭೂಮಿಯಲ್ಲಿ ಜಾಲಿ ಬೆಳೆದಿತ್ತು. ಸರ್ ಮಲಗಿದ್ದು ಎಲ್ಲಿ ಎಂದು ತೋರಿಸುವವರು ಅಲ್ಲಿ ಯಾರೂ ಇರಲಿಲ್ಲ. ಅಲ್ಲೇ ಒಂದಷ್ಟು ಹೊತ್ತು ಸುತ್ತಾಡಿದೆ... ಒಯ್ದ ಹೂವನ್ನು ಹಾಗೇ ಕೈಯಲ್ಲಿ ಹಿಡಿದು ಬಸ್ಸು ಹತ್ತಿದೆ.