ಅಕ್ಕನ ಹಳೇ ಮೇಜು, ನನ್ನ ಗಿಟಾರಿನ ಪೆಟ್ಟಿಗೆ

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿಯುವುದು ನನ್ನ ಹಳೆಯ ರೂಢಿ. ಕಂಡಕ್ಟರ್ ಆಗಿ ಸೇರಿದಾಗಿನಿಂದ ಹಾಗೇ ಇಳಿದು, ಜನರನ್ನು ಹತ್ತಿಸಿ, ಸೀಟಿ ಊದಿ ಮತ್ತೆ ಮೆಟ್ಟಿಲೇರುತ್ತಿದ್ದೆ. ಬೇಸಿಗೆಯ ಒಂದು ಮಧ್ಯಾಹ್ನ ಕಮಲಾಪುರದ ಸ್ಟಾಪಿನಲ್ಲಿ ಕಾಲ ಕೆಳಗೆ ಜಲ್ಲಿಕಲ್ಲೊಂದು ಉರುಳಿತು. ಟಿಕೆಟ್ ಮಷಿನ್ ಎದೆಗವಚಿಕೊಂಡೇ ಬಿದ್ದೆ. ಮಷಿನ್‌ಗೆ ಏನೂ ಆಗಲಿಲ್ಲ. ಎಡಗಾಲಿನ ಹರಡಿನ ಕೀಲು ಮುರಿಯಿತು.

ಕಲಬುರಗಿಯ ಆಸ್ಪತ್ರೆಯಲ್ಲಿ ಮೊಣಕಾಲಿನ ತನಕ ಪ್ಲಾಸ್ಟರ್ ಹಾಕಿ, ಒಂದೂವರೆ ತಿಂಗಳು ಕಾಲು ನೆಲಕ್ಕೆ ಊರಬಾರದು ಎಂದರು. ಅದೇ ಊರಿನ ಗಾಜಿಪುರದಲ್ಲಿ ನಾನಿರುವುದು ಮಹಡಿ ಮೇಲಿನ ಒಂಟಿ ಕೋಣೆಯಲ್ಲಿ, ಒಬ್ಬಳೇ. ಆ ಕಡಿದಾದ ಮೆಟ್ಟಿಲು ನೋಡಿಯೇ ಅಕ್ಕ ನನ್ನನ್ನು ಕಮಲಾಪುರದ ತನ್ನ ಮನೆಗೆ ಒಯ್ಯುವುದೆಂದು ತೀರ್ಮಾನಿಸಿದಳು. ಅವ್ವ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಹೀಗಾಗಿ ನನ್ನ ವಿಷಯದಲ್ಲಿ ನನ್ನನ್ನು ಕೇಳುವ ಅಭ್ಯಾಸ ಅವಳಿಗಿಲ್ಲ.

"ಏನೇನ್ ತಗೋಬೇಕು ಜಲ್ದಿ ಹೇಳು," ಎಂದಳು.

"ನಾಕು ಜೋಡಿ ಬಟ್ಟಿ, ಫೋನಿನ ಚಾರ್ಜರ್, ಗಿಟಾರ್."

"ಗಿಟಾರ್ ಯಾಕ? ಕಾಲು ಮುರದದ ನಿಂದು."

"ಕಾಲಿಲೆ ಬಾರಸಂಗಿಲ್ಲಕ್ಕಾ ಅದು."

ಆ ಗಿಟಾರಿನ ಬಗ್ಗೆ ಒಂದು ಮಾತು ಹೇಳಬೇಕು. ಐವಾನ್-ಎ-ಶಾಹಿ ಬಡಾವಣೆಯ ಕಡೆ ಮನೆಯಲ್ಲೇ ಗಿಟಾರ್ ಕಲಿಸುವವರೊಬ್ಬರಿದ್ದರು. ವಾರದ ರಜೆಯ ದಿನ ಅಲ್ಲಿಗೆ ಹೋಗುತ್ತಿದ್ದೆ. ಸುತ್ತ ಶಾಲೆಯ ಮಕ್ಕಳು, ನಡುವೆ ಮೂವತ್ತು ದಾಟಿದ ನಾನು. ಮೇಷ್ಟ್ರು ಊರು ಬಿಡುವಾಗ ತಮ್ಮ ಹಳೆಯ ಎಲೆಕ್ಟ್ರಿಕ್ ಗಿಟಾರನ್ನು ನನಗೆ ಮಾರಿದರು. ಆಂಪ್ಲಿಫಯರ್ ಮಾತ್ರ ತಾವೇ ಒಯ್ದರು. ಎಲೆಕ್ಟ್ರಿಕ್ ಗಿಟಾರಿಗೆ ಹೊಟ್ಟೆಯಿಲ್ಲ, ಬರೀ ಹಲಗೆ. ಆಂಪ್ಲಿಫಯರ್ ಇಲ್ಲದೆ ಮೀಟಿದರೆ ಕಿವಿಯ ಹತ್ತಿರ ಸೊಳ್ಳೆ ಬಂದಷ್ಟೇ ಸದ್ದು. ಡ್ಯೂಟಿ ಮುಗಿಸಿ ಬಂದ ಸಂಜೆಗಳಲ್ಲಿ ಅಷ್ಟೇ ಸಾಕಾಗಿತ್ತು. ಇಡೀ ದಿನ ಎಂಜಿನ್ ಸದ್ದು ಕೇಳಿದ ಕಿವಿಗೆ ಅದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ.

ಅಕ್ಕನ ಮನೆಯಲ್ಲಿ ಅದು ಸಾಲಲಿಲ್ಲ. ಭಾವ ಬೆಳಗಾಗುವುದರೊಳಗೆ ಕಲಬುರಗಿಯ ದಾಲ್ ಮಿಲ್ಲಿಗೆ ಹೊರಟುಬಿಡುತ್ತಿದ್ದರು. ಅಕ್ಕ ಪಡಸಾಲೆಯಲ್ಲಿ ಹೊಲಿಗೆ ಮಷಿನ್ ಮುಂದೆ. ನಾನು ಕಿಟಕಿಯ ಪಕ್ಕದ ಮಂಚದ ಮೇಲೆ, ದಿಂಬಿನ ಮೇಲೆ ಕಾಲಿಟ್ಟುಕೊಂಡು. ರಸ್ತೆ ನಾಲ್ಕು ಮನೆ ಆಚೆ. ಬಸ್ಸು ಹೋದಾಗಲೆಲ್ಲ ಕಿವಿ ನಿಮಿರುತ್ತಿತ್ತು. ಗೇರ್ ಬದಲಿಸುವ ಸದ್ದಿನಿಂದಲೇ ಹುಮನಾಬಾದಿನದೋ ಬೀದರಿನದೋ ಹೇಳುತ್ತಿದ್ದೆ. ನನ್ನ ಬಸ್ಸು ಬಂದಾಗ ಹೇಳುತ್ತಿರಲಿಲ್ಲ, ಆಚೆ ಗೋಡೆಯ ಕಡೆ ಹೊರಳುತ್ತಿದ್ದೆ. ಪ್ಲಾಸ್ಟರಿನೊಳಗೆ ಬೆವರು, ತುರಿಕೆ. ಅಕ್ಕನ ಕಟ್ಟಿಗೆಯ ಸ್ಕೇಲನ್ನು ಅದರೊಳಗೆ ತೂರಿಸಿ ಕೆರೆದುಕೊಳ್ಳುತ್ತಿದ್ದೆ. ಅಕ್ಕ ಸ್ಕೇಲ್ ಹುಡುಕಿ ಹುಡುಕಿ ಬೈಯುತ್ತಿದ್ದಳು. ಫೋನ್ ನೋಡುವುದು, ಕೆಳಗಿಡುವುದು, ನೀರು ಕೇಳುವುದು, ತಂದುಕೊಟ್ಟರೆ ಕುಡಿಯದೆ ಇಡುವುದು.

"ಒಂದ್ ಕಡೆ ಸುಮ್ ಕುಂದ್ರಾಕ ಏನಾಗ್ಯದ ನಿನಗ?"

"ಕುಂತೇ ಇದ್ದೀನಲ್ಲ."

"ನೀ ಕುಂತಿಲ್ಲ. ನಿನ್ನ ಕಾಲಷ್ಟೇ ಕುಂತದ."

ಆಂಪ್ಲಿಫಯರ್ ನಾನೇ ಮಾಡಬೇಕೆಂಬುದು ಫೋನಿನಲ್ಲಿ ಯಾವುದೋ ವಿಡಿಯೊ ನೋಡುವಾಗ ಹತ್ತಿದ ಹುಚ್ಚು. ಅಂಗೈಯಷ್ಟು ಬೋರ್ಡು, ಒಂದು ಟ್ರಾನ್ಸ್‌ಫಾರ್ಮರ್, ಒಂದು ಸ್ಪೀಕರ್, ಅದನ್ನು ಕೂಡಿಸಲು ಕಟ್ಟಿಗೆಯ ಪೆಟ್ಟಿಗೆ. ತೋರಿಸಿದವನು ನಗುನಗುತ್ತಾ ಮಾಡಿ ಮುಗಿಸಿದ್ದ. ನನಗೆ ಫ್ಯೂಸ್ ಹಾಕುವುದೊಂದು ಬಿಟ್ಟರೆ ಕರೆಂಟಿನ ಕೆಲಸ ಯಾವುದೂ ಗೊತ್ತಿರಲಿಲ್ಲ. ಆದರೂ ನನ್ನ ಡ್ರೈವರ್‌ಗೆ ಫೋನ್ ಮಾಡಿದೆ. ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ ದುಡಿದವರು ನಾವು. ಅವರ ಮನೆ ಕಲಬುರಗಿಯ ರೋಜಾದಲ್ಲಿ, ದರ್ಗಾದ ಹಿಂದಿನ ಗಲ್ಲಿಯಲ್ಲಿ. ಆ ಕಡೆ ರೇಡಿಯೊ, ಟಿವಿ ರಿಪೇರಿಯ ಅಂಗಡಿಗಳಿವೆ.

"ಏನ್ರಿ ಮೇಡಂ, ಬಾಂಬ್ ಮಾಡಾಕತ್ತೀರೇನು?" ಎಂದರು, ನಾನು ಕಳಿಸಿದ ಸಾಮಾನಿನ ಚಿತ್ರ ನೋಡಿ.

"ಬಾಜಾ ಮಾಡಾಕತ್ತೀನ್ರಿ."

"ಹಾಂಗಾದ್ರ ತರ್ತೀನಿ. ಖಾಲಿ ಕುಂತ್ರ ಮನಸು ಪರೇಶಾನ್ ಆಗ್ತದ."

ಸಾಮಾನು ಬಸ್ಸಿನಲ್ಲೇ ಬಂತು. ಅಕ್ಕ ಸ್ಟಾಪಿಗೆ ಹೋಗಿ ಡ್ರೈವರ್ ಕಿಟಕಿಯಿಂದ ಚೀಲ ಇಸಿದುಕೊಂಡು, ಬೈಯುತ್ತಾ ಮನೆಗೆ ತಂದಳು.

ಬೆಸುಗೆ ಹಾಕುವುದು ಹೊಲಿಗೆಯಂತಲ್ಲ; ತಪ್ಪಿದರೆ ಬಿಚ್ಚಲು ಕಷ್ಟ. ಕಾದ ಕಡ್ಡಿಯ ತುದಿಗೆ ಸೀಸದ ತಂತಿ ತಾಗಿಸಿದರೆ ಅದು ಬೇಕಾದಲ್ಲಿ ಕೂರದೆ ಗುಂಡಿಯಂತೆ ಉರುಳಿ ಹಾಸಿಗೆಯ ಮೇಲೆ ಬೀಳುತ್ತಿತ್ತು. ಚಾದರಕ್ಕೆ ಸಾಲು ಸಾಲು ತೂತು ಬಿದ್ದವು. ಬೆರಳು ಸುಟ್ಟವು. ಬೇಸತ್ತು ತಳ್ಳಿಬಿಡುತ್ತಿದ್ದೆ, ಮತ್ತೆ ಎಳೆದುಕೊಳ್ಳುತ್ತಿದ್ದೆ. ಕೊನೆಗೊಂದು ದಿನ ಎಲ್ಲವೂ ಸೇರಿತೆನಿಸಿ, ಅಕ್ಕನನ್ನು ಕರೆದು ಸ್ವಿಚ್ ಹಾಕಲು ಹೇಳಿದೆ. ಅವಳು ರಬ್ಬರ್ ಚಪ್ಪಲಿ ಮೆಟ್ಟಿ, ದೂರದಿಂದ ಸ್ಕೇಲಿನ ತುದಿಯಿಂದಲೇ ಸ್ವಿಚ್ ಒತ್ತಿದಳು.

ಫಟ್ ಎಂದಿತು. ಬೋರ್ಡಿನ ಮೇಲಿನ ಒಂದು ಡಬ್ಬಿಯಾಕಾರದ ಬಿಡಿಭಾಗ ಸೀಳಿ, ಕೊಳೆತ ಮೀನಿನಂಥ ವಾಸನೆಯ ಹೊಗೆ ಎದ್ದಿತು. ಅದರ ಪ್ಲಸ್ಸು ಮೈನಸ್ಸು ನಾನು ಉಲ್ಟಾ ಹಾಕಿದ್ದೆ. ಅಕ್ಕ ಕಿಟಕಿಯೆಲ್ಲ ತೆರೆದಳು.

"ಸಾಕು ಮಾಡು. ಮನಿ ಸುಡ್ತದ."

"ಒಂದ್ ಸಾಮಾನು ತಪ್ಪಾಗ್ಯದ ಅಷ್ಟೇ."

"ಮತ್ತೊಂದು ಯಾವುದು ತಪ್ಪಾಗ್ಯದಂತ ನಿನಗೇನು ಗೊತ್ತು?"

ಹೊಸ ಬಿಡಿಭಾಗಕ್ಕೆ ಡ್ರೈವರ್‌ಗೆ ಹೇಳಿದೆ. ಅವರಿಗೆ ಎರಡು ದಿನ ಬೇರೆ ರೂಟು ಬಿತ್ತು. ಆ ಎರಡು ದಿನ ಕಾಯುವುದು ಕಾಲು ಮುರಿದದ್ದಕ್ಕಿಂತ ಕಷ್ಟವಾಯಿತು. ಕೈ ಖಾಲಿ ಇರಲಾರದೆ ಪೆಟ್ಟಿಗೆಯ ಕೆಲಸಕ್ಕೆ ಇಳಿದೆ.

ಅಕ್ಕ ಬಟ್ಟೆ ಕತ್ತರಿಸುತ್ತಿದ್ದ ಹಳೆಯ ಮೇಜಿನ ಪ್ಲೈವುಡ್ ಹಲಗೆ ಗೋಡೆಗೆ ಒರಗಿಕೊಂಡಿತ್ತು. ಅದರ ತುಂಬ ಸೀಮೆಸುಣ್ಣದ ಗೀಟು, ಬಟ್ಟೆಗೆ ಗುರುತು ಹಾಕುವ ಹಲ್ಲುಗಾಲಿಯ ಚುಕ್ಕೆ. ಮಂಚದ ಮೇಲೆ ಕುಳಿತು, ಹಲಗೆಯನ್ನು ಕುರ್ಚಿಗೆ ಒರಗಿಸಿ ಗರಗಸ ಆಡಿಸಿದೆ. ಗೀಟು ಬಿಟ್ಟು ಹಾವಿನಂತೆ ಹೋಯಿತು. ಸ್ವಲ್ಪ ಹೊತ್ತು ನೋಡಿದ ಅಕ್ಕನಿಗೆ ತಡೆಯಲಾಗಲಿಲ್ಲ.

"ತಾ ಇಲ್ಲಿ. ಅರಿವಿ ಹಿಂಗ ಕತ್ತರಿಸಿದ್ರ ಗಿರಾಕಿ ಮಾರಿಗೆ ಒಗೀತಾರ."

ಅವಳು ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿದಳು, ಕುಬಸಕ್ಕೆ ಮಾಡುವ ಹಾಗೆ. ಆಮೇಲೆ ಕಟ್ಟಿಗೆಗೆ ಕೈಹಾಕಿದಳು. ಎರಡು ಮಗ್ಗುಲು, ಮೇಲಿನ ಹಲಗೆ, ಕೆಳಗಿನ ಹಲಗೆ, ಮುಂದಿನ ಹಲಗೆ. ಮುಂದಿನ ಹಲಗೆಗೆ ಸ್ಪೀಕರ್ ಕೂರುವ ತೂತು ಬೇಕಿತ್ತು. ಸ್ಪೀಕರನ್ನೇ ಹಲಗೆಯ ಮೇಲೆ ಬೋರಲು ಹಾಕಿ, ಅದರ ಅಂಚಿನ ಸುತ್ತ ಪೆನ್ಸಿಲ್ ಎಳೆದು, ಸಣ್ಣ ಗರಗಸದಿಂದ ಇಡೀ ಮಧ್ಯಾಹ್ನ ಸರದಿಯಂತೆ ಕೊಯ್ದೆವು. ಗುಂಡನೆಯ ತೂತು ಬಂತು. ಸ್ಪೀಕರ್ ಇಟ್ಟೆವು. ಅದು ತೂತಿನಿಂದ ಆಚೆ ಹೋಗಿ ದಿಂಬಿನ ಮೇಲೆ ಬಿತ್ತು. ತೂತು ಸ್ಪೀಕರಿನ ಅಂಚಿನಷ್ಟೇ ದೊಡ್ಡದಾದರೆ ಸ್ಕ್ರೂ ಹಾಕಲು ಜಾಗವೆಲ್ಲಿ? ಇಬ್ಬರಿಗೂ ಹೊಳೆದಿರಲಿಲ್ಲ.

ನಾನು ನಕ್ಕೆ. ಅಕ್ಕ ನಗಲಿಲ್ಲ. ಗರಗಸ ಕೆಳಗಿಟ್ಟು, "ನಿನ್ನ ಕೆಲಸ ಎಲ್ಲಾ ಹಿಂಗೇ. ನಿಂದ್ರೂ ಮೊದಲೇ ಜಿಗಿಯೋದು," ಎಂದಳು.

"ತೂತಿಗೂ ಬಸ್ಸಿಗೂ ಏನು ಸಂಬಂಧ?"

"ಅದ ಸಂಬಂಧ. ಅವತ್ತ ಓಣಿಯಾಗ ಯಾರೋ ಬಂದು ಕಂಡಕ್ಟರ್ ಹೆಣ್ಮಗಳು ಬಸ್ಸಿನ ಕೆಳಗ ಬಿದ್ದಾಳಂತ ಅಂದ್ರು. ಇದ್ದಾಳೋ ಇಲ್ಲೋ ಯಾರೂ ಹೇಳಲಿಲ್ಲ. ಮಷಿನ್ ಮ್ಯಾಲಿಂದ ಎದ್ದು ಬರಿಗಾಲಿಲೆ ಓಡಿ ಬಂದೀನಿ ನಾ. ಆ ಬಸ್ಸು ಬಿಡು. ಡಿಪೋದಾಗ ಕುಂದ್ರೂ ಕೆಲಸ ಕೇಳು."

ಬಸ್ಸಿನ ಕೆಳಗೆ ಎಂದು ಅವಳಿಗೆ ಯಾರೋ ಹೇಳಿದ್ದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವಳು ಸ್ಟಾಪಿಗೆ ಬಂದಾಗ ನಾನು ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಪ್ರಯಾಣಿಕರಿಗೆ ಬೇರೆ ಬಸ್ಸು ತೋರಿಸುತ್ತಿದ್ದೆ. ಅವಳು ಬಂದವಳೇ ಬೈದಿದ್ದಳು.

"ಅಕ್ಕಾ, ಈ ಮಂಚದ ಮ್ಯಾಲೆ ಕುಂತೇ ನನಗ ಹುಚ್ಚು ಹಿಡಿಯಾಕತ್ತದ. ಜನ್ಮ ಪೂರ್ತಿ ಹ್ಯಾಂಗ ಕುಂದ್ರಲಿ?"

ಅವಳು ಎದ್ದು ಹೋಗಿ ಒಲೆಯ ಮೇಲೆ ಚಹಾ ಇಟ್ಟಳು. ಕುಡಿದಾದ ಮೇಲೆ ಉಳಿದ ಹಲಗೆಗಳನ್ನು ಎಳೆದು ತಂದಳು. ಒಂದೇ ತುಂಡಿನಲ್ಲಿ ಮುಂದಿನ ಹಲಗೆ ಆಗುವಂತಿರಲಿಲ್ಲ. ಎರಡು ತುಂಡು ಅಂಟಿಸಿ, ಹಿಂದೆ ಪಟ್ಟಿ ಹೊಡೆದು, ಈ ಸಲ ಅಂಚು ಬಿಟ್ಟು ಒಳಗೆ ಸಣ್ಣ ವೃತ್ತ ಬರೆದಳು. ಪೆಟ್ಟಿಗೆಗೆ ಕಂದು ಬಣ್ಣದ ರೆಕ್ಸಿನ್ ಹೊದಿಸಿದಳು, ಚೀಲ ಹೊಲಿದು ಉಳಿದದ್ದು. ಸ್ಪೀಕರಿನ ಮುಂದೆ ಕುಬಸದ ಲೈನಿಂಗ್ ಬಟ್ಟೆ.

ಹೊಸ ಬಿಡಿಭಾಗ ಬಂತು, ಬೋರ್ಡು ಪೆಟ್ಟಿಗೆಯೊಳಗೆ ಸೇರಿತು. ಈ ಸಲ ಸ್ವಿಚ್ ಹಾಕಿದಾಗ ಏನೂ ಸಿಡಿಯಲಿಲ್ಲ. ಗುಂಯ್ ಎಂಬ ಸದ್ದು. ಗಿಟಾರಿನ ತಂತಿ ಮುಟ್ಟಿದರೆ ಸದ್ದು ಇಳಿಯುತ್ತದೆ, ಬಿಟ್ಟರೆ ಏರುತ್ತದೆ. ಆ ಗುಂಯ್ ಹಿಂದಿನಿಂದ ಒಬ್ಬ ಗಂಡಸು ಮಾತಾಡತೊಡಗಿದ. ಅಕ್ಕ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆಯೊಳಗಿನ ಗಂಡಸು ತೊಗರಿ ಬಿತ್ತುವ ಮೊದಲು ಮಣ್ಣಿನ ಪರೀಕ್ಷೆ ಮಾಡಿಸಬೇಕೆಂದು ಹೇಳಿದ. ಆಮೇಲೆ ಹಾಡು ಹತ್ತಿತು.

"ಯವ್ವಾ, ರೇಡಿಯೊ ಮಾಡೀಯಲ್ಲ!" ಎಂದು ಅಕ್ಕ ಚಪ್ಪಾಳೆ ತಟ್ಟಿದಳು. ಗಿಟಾರಿನ ವೈರು ಆಂಟೆನಾ ಆಗಿ ರೇಡಿಯೊ ಹಿಡಿಯುತ್ತಿತ್ತು. ವಿಡಿಯೊಗಳಲ್ಲಿ ಹುಡುಕಿದಾಗ, ಬೋರ್ಡನ್ನು ಲೋಹದ ಡಬ್ಬಿಯೊಳಗಿಟ್ಟು, ಡಬ್ಬಿಗೂ ಗಿಟಾರಿನ ತಂತಿಗಳಿಗೂ ಅರ್ಥಿಂಗ್ ವೈರು ಜೋಡಿಸಬೇಕೆಂದು ತಿಳಿಯಿತು. ಮನೆಯಲ್ಲಿದ್ದ ಸರಿಯಾದ ಡಬ್ಬಿ ಎಂದರೆ ಅಕ್ಕ ಗುಂಡಿ ತುಂಬಿಟ್ಟ ಬಿಸ್ಕೀಟಿನ ಡಬ್ಬಿ. ಮೂರು ದಿನ ಅವಳು ಅದನ್ನು ಕೊಡಲಿಲ್ಲ. ಹೊಲಿಯುತ್ತಾ ರೇಡಿಯೊ ಕೇಳಿದಳು. ನಾನು ಮಂಚದ ಮೇಲೆ ಹೊರಳಾಡುತ್ತಾ ಮಳೆಯ ಮುನ್ಸೂಚನೆ, ಮಾರುಕಟ್ಟೆ ಧಾರಣೆ ಎಲ್ಲ ಕೇಳಿದೆ. ನಾಲ್ಕನೆಯ ದಿನ ಅವಳೇ ಗುಂಡಿಗಳನ್ನು ಬೇಸಿನ್ನಿಗೆ ಸುರಿದು ಡಬ್ಬಿ ನನ್ನ ಮಡಿಲಿಗೆ ಹಾಕಿದಳು.

"ತಗೋ. ನಿನ್ನ ಮಾರಿ ನೋಡಾಕಾಗವಲ್ದು."

ಡಬ್ಬಿ ಹಾಕಿ ರೇಡಿಯೊ ಅಡಗಿದ ದಿನವೇ ಡ್ರೈವರ್ ತಮ್ಮ ರಜೆಯಲ್ಲಿ ಮಿಠಾಯಿ ಪೊಟ್ಟಣ ಹಿಡಿದು ಮನೆಗೆ ಬಂದರು. ಬಿದ್ದ ಮೇಲೆ ಅವರನ್ನು ಎದುರಿಗೆ ನೋಡಿದ್ದು ಅದೇ ಮೊದಲು. ಕುರ್ಚಿಯ ಅಂಚಿನಲ್ಲಿ ಕುಳಿತು ನನ್ನ ಪ್ಲಾಸ್ಟರ್ ನೋಡಿದರು, ಪೆಟ್ಟಿಗೆ ನೋಡಿದರು. ಅರ್ಧ ಚಹಾ ಕುಡಿದ ಮೇಲೆ ಬಾಯಿಬಿಟ್ಟರು.

"ಮೇಡಂ, ನಿಮ್ಮ ಜಾಗಾಕ್ಕ ಹೊಸಬ ಬಂದಾನ್ರಿ. ಕಾಲು ನೆಟ್ಟಗಾದ್ರೂ ನಿಮಗ ಡಿಪೋ ಆಫೀಸಿನ್ಯಾಗೇ ಕುಂಡ್ರಸ್ತಾರಂತ ಮಾತು ನಡದದ. ಬ್ಯಾರೆಯವರ ಬಾಯಿಂದ ಕೇಳೋದು ಬ್ಯಾಡಂತ ನಾನೇ ಬಂದೆ."

"ಛಲೋ ಆತು ಬಿಡ್ರಿ," ಎಂದಳು ಅಕ್ಕ, ನನ್ನ ಕಡೆ ನೋಡದೆ.

ನನಗೆ ಎದ್ದು ಹೊರಗೆ ಹೋಗಬೇಕೆನಿಸಿತು. ಹೋಗುವಂತಿರಲಿಲ್ಲ. ಗಿಟಾರ್ ಎಳೆದುಕೊಂಡು, ಪೆಟ್ಟಿಗೆಯ ಸದ್ದು ಏರಿಸುವ ಗುಬುಟನ್ನು ಪೂರ್ತಿ ತಿರುಗಿಸಿ, ಆರೂ ತಂತಿಗಳನ್ನು ಒಟ್ಟಿಗೆ ಹೊಡೆದೆ.

ಅಷ್ಟು ಸದ್ದು ಬರುತ್ತದೆಂದು ನನಗೂ ಗೊತ್ತಿರಲಿಲ್ಲ. ಗೂಡಿನ ಸ್ಟೀಲ್ ತಟ್ಟೆಗಳು ನಡುಗಿದವು. ಡ್ರೈವರ್ ಕೈಯ ಚಹಾ ತುಳುಕಿತು. ಅಂಟಿಸಿದ ಹಲಗೆಯ ಸಂದಿಯಲ್ಲಿ ಏನೋ ಗಿರ್ರೆನ್ನುತ್ತಿತ್ತು. ಮೇಷ್ಟ್ರು ಕಲಿಸಿದ್ದೆಲ್ಲ ಮರೆತು ಹೋಗಿತ್ತು. ಕೈಗೆ ಬಂದ ಹಾಗೆ ಬಾರಿಸಿದೆ, ಒಳ್ಳೆಯ ಕಾಲಿನಿಂದ ಮಂಚದ ಕಾಲಿಗೆ ಒದೆಯುತ್ತಾ. ಕೈ ಸೋತು ನಿಲ್ಲಿಸಿದಾಗ ಬಾಗಿಲಲ್ಲಿ ಓಣಿಯ ಹೆಂಗಸರು ನಿಂತಿದ್ದರು. ಡ್ರೈವರ್ ಲುಂಗಿ ಒರೆಸಿಕೊಂಡು, "ಎಂಜಿನ್ ಭಾರಿ ಅದ ಮೇಡಂ, ಗಾಡಿ ಓಡಸೋದು ಕಲೀಬೇಕಷ್ಟೇ," ಎಂದರು. ಅಕ್ಕ ನಕ್ಕಳು. ನಾನೂ ನಕ್ಕೆ, ಗುಬುಟನ್ನು ಮಾತ್ರ ಇಳಿಸಲಿಲ್ಲ.

ಮಾತು ನಿಜವಾಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಮಳೆಗಾಲವಿಡೀ ನನ್ನನ್ನು ಡಿಪೋದಲ್ಲಿ ಕೂರಿಸಿದರು. ಗಾಜಿಪುರದ ಕೋಣೆಗೆ ಪೆಟ್ಟಿಗೆಯೂ ಬಂತು. ಬಾರಿಸಿದ್ದಕ್ಕಿಂತ ಬಿಚ್ಚಿ ಜೋಡಿಸಿದ್ದೇ ಹೆಚ್ಚು. ಡಿಪೋ ಸಾಹೇಬರ ಮುಂದೆ ಮತ್ತೆ ಮತ್ತೆ ನಿಂತು, ಡಾಕ್ಟರ್ ಮುಂದೆ ಹತ್ತಾರು ಸಲ ಮೆಟ್ಟಿಲು ಹತ್ತಿಳಿದು ತೋರಿಸಿ, ದಸರಾ ಮುಗಿದ ಮೇಲೆ ಮತ್ತೆ ರಸ್ತೆಗೆ ಬಂದೆ. ರೂಟು ಹಳೆಯದೇ, ಡ್ರೈವರ್ ಬೇರೆ.

ಮೊದಲ ವಾರದಲ್ಲೇ ಅಕ್ಕ ಕಮಲಾಪುರದಲ್ಲಿ ಹತ್ತಿದಳು. ಬಟ್ಟೆ ತರಲು ಕಲಬುರಗಿಗೆ ಹೊರಟಿದ್ದಳು. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆದರೆ ಕಾರ್ಡು ತೋರಿಸಬೇಕು.

"ಆಧಾರ್ ತೋರಸ್ರಿ."

"ನಾ ಯಾರಂತ ಗೊತ್ತಿಲ್ಲೇನು ನಿನಗ?"

"ಗೊತ್ತದರಿ. ಕಾರ್ಡ್ ತೋರಸ್ರಿ."

ಬೈಯುತ್ತಾ ತೆಗೆದು ತೋರಿಸಿದಳು. ಸಂಜೆ ಡ್ಯೂಟಿ ಮುಗಿಸಿ ನನ್ನ ಕೋಣೆಗೆ ಬಂದಾಗ ಬಾಗಿಲಲ್ಲಿ ಬಟ್ಟೆಯ ಗಂಟಿನ ಮೇಲೆ ಕುಳಿತಿದ್ದಳು. ನನ್ನ ಹರಡು ಬಾತಿತ್ತು. ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟು ಕುಳಿತೆ. ಅಕ್ಕ ಕೋಣೆಯೊಳಗೆ ಅತ್ತಿಂದಿತ್ತ ಓಡಾಡಿ, ಪೆಟ್ಟಿಗೆಯ ಸ್ವಿಚ್ಚನ್ನು ಬರಿಗೈಯಿಂದ ಹಾಕಿ, ಗಿಟಾರನ್ನು ಮಗುವಿನಂತೆ ಮಡಿಲಲ್ಲಿ ಮಲಗಿಸಿಕೊಂಡಳು. ಹೆಬ್ಬೆರಳಿನಿಂದ ದಪ್ಪ ತಂತಿಯನ್ನು ಮೀಟಿ, ಸದ್ದು ಪೂರ್ತಿ ಅಡಗುವ ತನಕ ಕಿವಿಗೊಟ್ಟಳು. ಆಮೇಲೆ ಅದರ ಪಕ್ಕದ್ದು.

"ಹಿಡಿಯೋದು ಹಾಂಗಲ್ಲಕ್ಕಾ," ಎಂದೆ.

"ನೀ ಸುಮ್ ಕುಂದ್ರು," ಎಂದು ಮೂರನೆಯ ತಂತಿಗೆ ಹೋದಳು.