ಸುಮಕ್ಕ ಕೈಗೆ ಕೊಟ್ಟ ಉಪ್ಪು

ಪೋಲೆಂಡಿನ ಒಂದು ಉಪ್ಪಿನ ಗಣಿಯೊಳಗೆ, ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು ಇಳಿದ ಮೇಲೆ, ನನ್ನ ಓರಗಿತ್ತಿ ಸುಮಕ್ಕ ಅಂಗೈಯಲ್ಲಿ ಒಂದು ಉಪ್ಪಿನ ಗಟ್ಟಿ ಹಿಡಿದುಕೊಂಡು ನನ್ನ ಮುಖ ನೋಡುತ್ತಾ ನಿಂತುಬಿಟ್ಟರು.

ಕೊಡುವ ಹಾಗೂ ಇಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ನನ್ನ ಹಿಂದೆ ಹತ್ತು ಹದಿನೈದು ಜನ ಟೂರಿಸ್ಟ್‌ಗಳು ಕಾಯುತ್ತಿದ್ದಾರೆ...

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನಾವಿರೋದು ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕ್‌ನಲ್ಲಿ. ನನ್ನವರ ಅಣ್ಣ, ಅಂದರೆ ಭಾವ, ಮತ್ತು ಸುಮಕ್ಕ ಶಾರ್ಲಟ್‌ನಲ್ಲಿ. ಮಧ್ಯೆ ನಾಲ್ಕು ಗಂಟೆ ಡ್ರೈವ್. ಮೊದಲೆಲ್ಲ ಲಾಂಗ್ ವೀಕೆಂಡ್ ಬಂದರೆ ಸಾಕು, ಒಂದೋ ಅವರು ಇಲ್ಲಿ, ಇಲ್ಲಾ ನಾವು ಅಲ್ಲಿ.

ಲಾಕ್‌ಡೌನ್ ಎಲ್ಲ ಮುಗಿದ ಮೇಲೆ ನಾವು ಮನೆ ತಗೊಂಡೆವು. ಗೃಹಪ್ರವೇಶಕ್ಕೆ ಸುಮಕ್ಕ ಅರವತ್ತು ಹೋಳಿಗೆ ಮಾಡಿ, ಡಬ್ಬಿ ಅಲುಗಾಡದ ಹಾಗೆ ದಾರಿಯುದ್ದಕ್ಕೂ ತೊಡೆ ಮೇಲೆ ಇಟ್ಟುಕೊಂಡು ಬಂದರು.

ನಾನೋ, ಪಕ್ಕದೂರು ನಾರ್‌ಕ್ರಾಸ್‌ನಿಂದ ಕೇಟರಿಂಗ್ ಹೇಳಿ ಸ್ವೀಟನ್ನೂ ತರಿಸಿದ್ದೆ. ಪೂಜೆ ಗಡಿಬಿಡಿಯಲ್ಲಿ ಸುಮಕ್ಕನ ಡಬ್ಬಿಯನ್ನು ಗ್ಯಾರೇಜ್ ಫ್ರಿಡ್ಜಿಗೆ ತಳ್ಳಿದವಳು ಮರೆತೇಬಿಟ್ಟೆ.

ಮಾರನೇ ದಿನ ಬೆಳಿಗ್ಗೆ ಹಾಲು ತರಲು ಗ್ಯಾರೇಜಿಗೆ ಹೋದವರು ಸುಮಕ್ಕನೇ. ಅರವತ್ತಕ್ಕೆ ಅರವತ್ತೂ ಹಾಗೇ ಇದ್ದವು.

ಆಗಲೇ ಸಾರಿ ಕೇಳಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ನಾನೇನು ತನ್ನಿ ಅಂತ ಹೇಳಿರ್ಲಿಲ್ವಲ್ಲ ಅಕ್ಕ" ಅಂದುಬಿಟ್ಟೆ.

ಅವತ್ತಿನಿಂದ ಎರಡು ವರ್ಷ... ಜಗಳ ಅಂದರೆ ಕೂಗಾಟ ಏನೂ ಇಲ್ಲ. 'ಬಾರೆ, ಹೋಗೆ' ಅನ್ನುತ್ತಿದ್ದವರು ನನಗೆ 'ಬನ್ನಿ, ಕೂತ್ಕೊಳ್ಳಿ' ಅನ್ನಲು ಶುರು ಮಾಡಿದರು. ಬರ್ತ್‌ಡೇಗೆ ವಾಟ್ಸಾಪ್‌ನಲ್ಲಿ ಒಂದು ಕೇಕ್ ಇಮೋಜಿ. ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಅಣ್ಣತಮ್ಮಂದಿರಿಗೆ ಇದರ ಗಂಧಗಾಳಿಯೂ ಇಲ್ಲ. ಭಾವನಿಗೆ ಹಿಸ್ಟರಿ ಹುಚ್ಚು. ಇಬ್ಬರೂ ಫೋನಿನಲ್ಲೇ ಮಾತಾಡಿಕೊಂಡು ನಾಲ್ಕೂ ಜನಕ್ಕೆ ಪೋಲೆಂಡ್ ಟ್ರಿಪ್ ಬುಕ್ ಮಾಡಿಬಿಟ್ಟರು. ಹತ್ತು ದಿನ, ಒಂದೇ ವ್ಯಾನ್!

ವಾರ್ಸಾದ ಓಲ್ಡ್ ಟೌನ್ ತುಂಬಾ ಚೆನ್ನಾಗಿದೆ. ಬಣ್ಣಬಣ್ಣದ ಮನೆಗಳು, ಕಲ್ಲುಹಾಸಿನ ಚೌಕ. ಯುದ್ಧದಲ್ಲಿ ಅದೆಲ್ಲ ನೆಲಸಮ ಆಗಿತ್ತಂತೆ.

ಹಳೇ ಪೇಂಟಿಂಗ್‌ಗಳನ್ನು ನೋಡಿಕೊಂಡು ಜನ ಮತ್ತೆ ಮೊದಲಿನ ಹಾಗೇ ಕಟ್ಟಿದ್ದಾರೆ ಅಂತ ಭಾವ ವಿವರಿಸುವಾಗ ಸುಮಕ್ಕ ಪಾರಿವಾಳ ನೋಡುತ್ತಿದ್ದರು. ನಾನು ನನ್ನ ಶೂ ಲೇಸ್ ನೋಡುತ್ತಿದ್ದೆ.

ಕ್ರಾಕೋವ್‌ನಲ್ಲಿ ಗಂಟೆಗೊಮ್ಮೆ ಚರ್ಚಿನ ಗೋಪುರದಿಂದ ತುತ್ತೂರಿ ಊದುತ್ತಾರೆ. ಊದುತ್ತಾ ಊದುತ್ತಾ ಮಧ್ಯದಲ್ಲೇ ಗಕ್ಕನೆ ನಿಲ್ಲಿಸಿಬಿಡುತ್ತಾರೆ, ಅದೇ ಅಲ್ಲಿನ ಪದ್ಧತಿ.

ಅದು ನಿಂತ ತಕ್ಷಣ ನಾವಿಬ್ಬರೂ ಒಟ್ಟಿಗೇ "ಅಯ್ಯೋ" ಅಂದೆವು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟೇ... ಆಮೇಲೆ ಅವರು ಕಾಫಿಗೆ ಹೋದರು, ನಾನು ಫೋಟೋ ತೆಗೆಯಲು ಹೋದೆ.

ಮಾರನೇ ದಿನ ಅಲ್ಲೇ ಹತ್ತಿರದ ವಿಯೆಲಿಚ್ಕಾ ಉಪ್ಪಿನ ಗಣಿ. ಗೋಡೆ ಉಪ್ಪು, ನೆಲ ಉಪ್ಪು, ಕೆತ್ತಿದ ಮೂರ್ತಿಗಳೂ ಉಪ್ಪು. ನೆಲದಡಿಯಲ್ಲಿ ಒಂದು ಇಡೀ ಚರ್ಚೇ ಇದೆ, ಅದರ ತೂಗುದೀಪಗಳಲ್ಲೂ ಉಪ್ಪಿನ ಹರಳು.

ಗೈಡ್ ಹುಡುಗಿ ಒಂದು ಬೂದುಬಣ್ಣದ ಗಟ್ಟಿ ಕೊಟ್ಟು, ಮುಟ್ಟಿ ನೋಡಿ ಹಿಂದಿನವರಿಗೆ ಪಾಸ್ ಮಾಡಿ ಅಂದಳು. ನನ್ನವರು ಭಾವನಿಗೆ ಕೊಟ್ಟರು. ಭಾವ ಅದನ್ನು ಸೀದಾ ಸುಮಕ್ಕನ ಕೈಗೇ ಇಟ್ಟರು. ಗಂಡಸರಿಗೆ ಇಂಥದ್ದೆಲ್ಲ ಎಲ್ಲಿ ಗೊತ್ತಾಗಬೇಕು!

ಸುಮಕ್ಕ ನನ್ನ ಕಡೆ ತಿರುಗಿದವರು ಹಾಗೇ ನಿಂತರು.

ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳ ಬರುತ್ತೆ ಅಂತಾರೆ. ಇದನ್ನು ನನಗೆ ಕಲಿಸಿದ್ದೇ ಸುಮಕ್ಕ.

ಮದುವೆಯಾದ ಮೊದಲ ವಾರ, ಮೈಸೂರಿನ ಅತ್ತೆಮನೆಯ ಅಡುಗೆಮನೆ. ಉಪ್ಪಿನ ಡಬ್ಬಿಗೆ ನಾನು ಕೈ ಚಾಚಿದರೆ, ಅವರು ಅದನ್ನು ಕಟ್ಟೆ ಮೇಲಿಟ್ಟು ನನ್ನ ಕಡೆ ತಳ್ಳಿದ್ದರು. "ಕೈಗೆ ಬೇಡ ಕಣೆ, ನಾವಿಬ್ರೂ ಯಾವತ್ತೂ ಜಗಳ ಆಡೋದು ಬೇಡ" ಅಂದಿದ್ದರು. ಹೊಸ ಮನೆಯಲ್ಲಿ ನನ್ನ ಭಯ ಬಿಟ್ಟುಹೋಗಿದ್ದೇ ಆವತ್ತು.

ಈಗ ಗಣಿಯಲ್ಲಿ ಅವರು ಆ ಗಟ್ಟಿ ಇಡಲು ಜಾಗ ಹುಡುಕುತ್ತಿದ್ದಾರೆ. ಪಕ್ಕದ ಕಂಬಿ ದುಂಡಗಿದೆ, ಇಟ್ಟರೆ ಉರುಳಿಹೋಗುತ್ತೆ. ನೆಲದ ಮೇಲಿಡೋಣ ಅಂದರೆ ಉಪ್ಪನ್ನು ತುಳಿಯಬಾರದು. ಬೆಳಿಗ್ಗೆಯಿಂದ ನಾವೆಲ್ಲ ತುಳಿಯುತ್ತಿರುವುದು ಉಪ್ಪನ್ನೇ ಅನ್ನೋದು ಬೇರೆ ಮಾತು.

ಹಿಂದಿನಿಂದ ಯಾರೋ ಕೆಮ್ಮಿದರು.

ಸುಮಕ್ಕ ಉಸ್ಸಪ್ಪಾ ಅಂತ ಉಸಿರು ಬಿಟ್ಟರು. "ತಗೊಳೇ. ಆಗೋ ಜಗಳ ಎಲ್ಲ ಆಗೋಗಿದೆ, ಇನ್ನೇನಾಗುತ್ತೆ!"

ನನ್ನ ಅಂಗೈಗೇ ಇಟ್ಟರು.

ಎರಡು ವರ್ಷದ ಮೇಲೆ ಆ 'ತಗೊಳೇ' ಕೇಳಿದ್ದೇ ತಡ, ನನಗೆ ಅಳು ತಡೆಯಲಾಗಲಿಲ್ಲ. "ತಪ್ಪು ನಂದೇ ಅಕ್ಕ... ಹೋಳಿಗೆದು" ಅಂದೆ.

"ಮೊದ್ಲು ಅದನ್ನ ಹಿಂದಿನವ್ರಿಗೆ ಕೊಡು, ಪಾಪ ಕಾಯ್ತಿದಾರೆ" ಅಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಲಿಫ್ಟಿನಲ್ಲಿ ಮೇಲೆ ಬರುವಾಗ ನಮ್ಮ ಮುಖ ನೋಡಿ ಭಾವ, "ಯಾಕೆ, ಮಂಡಿ ನೋವಾ?" ಅಂತ ಕೇಳಿದರು. ಇಬ್ಬರೂ ಹೌದು ಅಂದೆವು.

ಹೋದ ವಾರ ಶಾರ್ಲಟ್‌ಗೆ ಹೋಗಿದ್ದೆವು. ಒಲೆ ಮುಂದೆ ನಿಂತಿದ್ದೆ, ಸಾರಿಗೆ ಉಪ್ಪು ಸಾಲದು ಅನ್ನಿಸಿ ಸುಮಕ್ಕನ ಕಡೆ ಕೈ ಚಾಚಿದೆ.

ಅವರು ಕೈಗೆ ಕೊಡಲಿಲ್ಲ. ಡಬ್ಬಿಯನ್ನು ಕೌಂಟರ್ ಮೇಲಿಟ್ಟು, ಮೆಲ್ಲಗೆ ನನ್ನ ಕಡೆ ತಳ್ಳಿದರು. "ಇನ್ನೊಂದ್ಸಲ ಜಗಳ ಆಡೋಕೆ ನನ್ ಕೈಲಾಗಲ್ಲ ಕಣೆ" ಅಂದರು.

ನಿಮ್ಮ ಮನೆಯಲ್ಲಿ ಯಾರ ಕೈಗೆ ಉಪ್ಪು ಕೊಡೋಕೆ ನಿಮಗೆ ಇನ್ನೂ ಭಯ ಆಗುತ್ತೆ?